ಚಿನ್ನ ಗೆಲ್ಲದ ನಾಯಕನ ಹಿರಿಮೆ

ಕೊಡಗಿಗೆ ಅಂದೂ ರೈಲಿರಲಿಲ್ಲ, ಇಂದೂ ಇಲ್ಲ. ಹೀಗಾಗಿ ನಾನು ಹುಡುಗನಾಗಿದ್ದಾಗ, ರಜೆ ಮುಗಿಸಿ ಉತ್ತರಕ್ಕೆ ಹೊರಟ ಕೊಡಗಿನ ಯೋಧರಲ್ಲಿ ಕೆಲವರು ಮೈಸೂರಿನಲ್ಲಿ ಗಾಡಿ ಹತ್ತಿ, ಹಾಸನದ ಮೂಲಕ ನಮ್ಮ ಅರಸೀಕೆರೆ ಜಂಕ್ಷನ್ನಿಗೆ ಬಂದು, ಹುಬ್ಬಳ್ಳಿ ಕಡೆಯ ಗಾಡಿಗಾಗಿ ಕಾಯುತ್ತಿದ್ದರು. ಕಬ್ಬಿಣದ ಟ್ರಂಕು, ಸುತ್ತಿ ಕಟ್ಟಿದ ಹೋಲ್ಡಾಲು. ಒಮ್ಮೊಮ್ಮೆ ಅದರಿಂದ ಹೊರಚಾಚಿದ ಹಾಕಿ ಸ್ಟಿಕ್ಕಿನ ಬಾಗಿದ ತುದಿ. 1973ರಲ್ಲಿ ಅಂಥ ಯೋಧರೊಬ್ಬರು, ನಾನು ಆ ಸ್ಟಿಕ್ಕನ್ನೇ ದಿಟ್ಟಿಸುತ್ತಿದ್ದುದನ್ನು ಕಂಡು, ‘ಈ ಸಲ ವಿಶ್ವಕಪ್ಪಿಗೆ ನಮ್ಮ ಗಣೇಶನೇ ಕ್ಯಾಪ್ಟನ್, ಗೊತ್ತೇನೋ?’ ಎಂದು ಕೇಳಿದ್ದರು. ನನಗೆ ಗೊತ್ತಿರಲಿಲ್ಲ. ಆದರೆ ಆ ದಿನದಿಂದ ಮೊಳ್ಳೇರ ಪೂವಯ್ಯ ಗಣೇಶ್ ಎಂಬ ಹೆಸರನ್ನು ನಾನು ಮರೆತಿಲ್ಲ.

ಆ ವರ್ಷದ ಸೆಪ್ಟೆಂಬರ್ 2ರಂದು ನೆದರ್ಲೆಂಡ್ಸ್‌ನ ಆಮ್‌ಸ್ಟೆಲ್‌ವೀನ್‌ನಲ್ಲಿ ನಡೆದ ಫೈನಲ್ ಭಾರತೀಯ ಹಾಕಿಯ ಮರೆಯಲಾಗದ ನೋವುಗಳಲ್ಲೊಂದು. ಸೆಮಿಫೈನಲ್‌ನಲ್ಲಿ ಪಾಕಿಸ್ತಾನವನ್ನು ಮಣಿಸಿ ಬಂದಿದ್ದ ಗಣೇಶ್ ಅವರ ತಂಡ, ಸುರ್ಜಿತ್ ಸಿಂಗ್ ಗಳಿಸಿದ ಎರಡು ಗೋಲುಗಳಿಂದ ಆರಂಭದಲ್ಲಿಯೇ ಮುನ್ನಡೆ ಪಡೆಯಿತು. ಆತಿಥೇಯರು ಎರಡನ್ನೂ ತೀರಿಸಿ ಸಮಬಲ ಸಾಧಿಸಿದರು. ಹೆಚ್ಚುವರಿ ಅವಧಿಯಲ್ಲಿ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ದೊರೆಯಿತು. ಒಂದು ಗೋಲು ಬಂದಿದ್ದರೆ ವಿಶ್ವಕಪ್ ನಮ್ಮದಾಗುತ್ತಿತ್ತು. ಸ್ಟ್ರೋಕ್ ತೆಗೆದುಕೊಂಡವರು ಸೋಮವಾರಪೇಟೆಯ ಬಿ.ಪಿ. ಗೋವಿಂದ. ಚೆಂಡು ಗೋಲಿನೊಳಗೆ ಸೇರಲಿಲ್ಲ. ಕೊನೆಗೆ ಪೆನಾಲ್ಟಿ ಸ್ಟ್ರೋಕ್‌ಗಳ ಸರಣಿಯಲ್ಲಿ 4–2ರಿಂದ ಡಚ್ಚರು ಗೆದ್ದರು. ಕೊಡಗಿನವರೇ ಆದ ನಾಯಕ, ಕೊಡಗಿನವರೇ ಆದ ಆಟಗಾರ, ಒಂದು ಬೆಳ್ಳಿ ಪದಕ.

ಗಣೇಶ್ ಅವರ ಆಟದ ಬದುಕನ್ನು ಪದಕಗಳ ಪಟ್ಟಿಯಾಗಿ ಓದಿದರೆ ವಿಚಿತ್ರವೊಂದು ಕಾಣುತ್ತದೆ. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ. 1971ರಲ್ಲಿ ಬಾರ್ಸಿಲೋನಾದಲ್ಲಿ ನಡೆದ ಮೊಟ್ಟಮೊದಲ ವಿಶ್ವಕಪ್‌ನಲ್ಲಿ ಕಂಚು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ. 1974ರ ಟೆಹರಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಮತ್ತೆ ಬೆಳ್ಳಿ. ಐದು ಮಹಾಕೂಟಗಳು, ಐದು ಪದಕಗಳು; ಆದರೆ ಚಿನ್ನ ಒಂದೂ ಇಲ್ಲ. ಅವರಿಗಿಂತ ಹಿಂದಿನವರು 1964ರ ಟೋಕಿಯೊದಲ್ಲಿ ಚಿನ್ನ ಗೆದ್ದಿದ್ದರು. ಅವರ ನಂತರದ ತಂಡ 1975ರಲ್ಲಿ ಕೌಲಾಲಂಪುರದಲ್ಲಿ ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ವಿಶ್ವಕಪ್ ತಂದಿತು. ಆ ವಿಜಯಿ ತಂಡದಲ್ಲಿ ಗೋವಿಂದ ಇದ್ದರು. ಎರಡು ವರ್ಷಗಳ ಹಿಂದಿನ ಕಹಿಗೆ ಅವರಿಗೆ ಉತ್ತರ ಸಿಕ್ಕಿತು. ಅಂದಿನ ನಾಯಕನಿಗೆ ಆ ಭಾಗ್ಯ ದೊರೆಯಲಿಲ್ಲ.

ಹಾಗಾದರೆ ಗಣೇಶ್ ಅವರನ್ನು ದೊಡ್ಡ ಆಟಗಾರರೆಂದು ಯಾವ ಆಧಾರದ ಮೇಲೆ ಕರೆಯುವುದು? ಚಿನ್ನವನ್ನಷ್ಟೇ ಎಣಿಸುವ ನಮ್ಮ ಅಭ್ಯಾಸಕ್ಕೆ ಇದು ಕಷ್ಟದ ಪ್ರಶ್ನೆ. ಯೂರೋಪಿನ ತಂಡಗಳು ವೇಗವಾಗಿ ಮೇಲೇರುತ್ತಿದ್ದ, ಪಾಕಿಸ್ತಾನ ಪ್ರಬಲವಾಗಿದ್ದ ಆ ಐದು ವರ್ಷಗಳಲ್ಲಿ ಭಾರತ ಒಮ್ಮೆಯೂ ಬರಿಗೈಯಲ್ಲಿ ಮರಳಲಿಲ್ಲ ಎಂಬುದು ಸಣ್ಣ ಸಂಗತಿಯಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆದಾಗ, ಹುಲ್ಲಿನ ಮೇಲೆ ಪಳಗಿದ್ದ ಭಾರತ ಏಳನೆಯ ಸ್ಥಾನಕ್ಕೆ ಕುಸಿಯಿತು. ಆ ಕುಸಿತವನ್ನು ಕಂಡ ಮೇಲೆಯೇ ಹಿಂದಿನ ಬೆಳ್ಳಿ, ಕಂಚುಗಳ ತೂಕ ನಮಗೆ ಅರ್ಥವಾದದ್ದು.

ಅದಕ್ಕಿಂತ ಮುಖ್ಯವಾದದ್ದು ಆಟ ಮುಗಿದ ಮೇಲಿನ ಅವರ ನಡೆ. ಸೇನೆಯಿಂದ ಬಂದ ಈ ಆಟಗಾರ ಭಾರತ ತಂಡದ ತರಬೇತುದಾರರಾದರು. ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ಹಿರಿಯ ಹೊಣೆ ಹೊತ್ತರು. 1973ರಲ್ಲಿ ಅರ್ಜುನ ಪ್ರಶಸ್ತಿ ಬಂದಿತ್ತು. ಪದ್ಮಶ್ರೀ ಬಂದದ್ದು 2020ರಲ್ಲಿ. ಎರಡರ ನಡುವಿನ 47 ವರ್ಷಗಳಲ್ಲಿ ಕೊಡಗಿನ ಹಾಕಿ ಒಂದು ಪರಂಪರೆಯಾಗಿ ಬೆಳೆಯಿತು. ಎಂ.ಎಂ. ಸೋಮಯ್ಯ 1980ರ ಮಾಸ್ಕೊ ಚಿನ್ನದ ತಂಡದಲ್ಲಿ ಆಡಿ, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾದರು. ಅನಂತರ ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಬಂದರು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ 60 ಕುಟುಂಬಗಳೊಂದಿಗೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಇಂದು ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಆಡುತ್ತವೆ.

ಇಷ್ಟಾದರೂ ಆತಂಕವೊಂದು ಉಳಿದಿದೆ. 2016ರ ರಿಯೊ ಒಲಿಂಪಿಕ್ಸ್ ತಂಡದಲ್ಲಿ ರಘುನಾಥ್, ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ ಎಂದು ಕರ್ನಾಟಕದ ನಾಲ್ವರಿದ್ದರು. 2021ರಲ್ಲಿ ಟೋಕಿಯೊದಲ್ಲಿ ಭಾರತ 41 ವರ್ಷಗಳ ಬಳಿಕ ಒಲಿಂಪಿಕ್ ಪದಕ ಗೆದ್ದಾಗ ನಮ್ಮ ರಾಜ್ಯದ ಒಬ್ಬರೂ ತಂಡದಲ್ಲಿರಲಿಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಕಂಚು ಬಂದಾಗಲೂ ಇರಲಿಲ್ಲ. ಅದೇ ಅವಧಿಯಲ್ಲಿ ಒಡಿಶಾ ಸರ್ಕಾರ 2018ರಿಂದ ರಾಷ್ಟ್ರೀಯ ತಂಡದ ಪ್ರಾಯೋಜಕನಾಗಿ ನಿಂತಿತು. ಟೋಕಿಯೊದ ರಕ್ಷಣಾ ಪಂಕ್ತಿಯಲ್ಲಿ ಅಲ್ಲಿನ ಸುಂದರಗಢ ಜಿಲ್ಲೆಯ ಅಮಿತ್ ರೋಹಿದಾಸ್, ಬೀರೇಂದ್ರ ಲಾಕ್ರಾ ಇದ್ದರು. ಸುಂದರಗಢದ ಹಳ್ಳಿಗಳಂತೆಯೇ ಕೊಡಗಿನ ಹಳ್ಳಿಗಳಲ್ಲಿಯೂ ಹಾಕಿ ಮನೆಯ ಆಟ. ಆದರೆ ಮನೆಯಂಗಳದ ಪ್ರೀತಿ ಆಟಗಾರನನ್ನು ಸ್ವಲ್ಪ ದೂರ ಮಾತ್ರ ಕರೆದೊಯ್ಯಬಲ್ಲದು. ಅಲ್ಲಿಂದಾಚೆಗೆ ಕೃತಕ ಹಾಸು, ತರಬೇತಿ, ಉದ್ಯೋಗದ ಭರವಸೆ ಬೇಕು. ಇವು ಕುಟುಂಬಗಳ ಕೆಲಸವಲ್ಲ, ಸರ್ಕಾರದ ಕೆಲಸ. ಗಣೇಶ್ ಅವರಿಗೆ ಆ ಆಸರೆಯನ್ನು ಸೇನೆ ಕೊಟ್ಟಿತ್ತು. ಇಂದಿನ ಹುಡುಗರಿಗೆ ಯಾರು ಕೊಡುತ್ತಾರೆ?

ಪದ್ಮಶ್ರೀ ಕೊಟ್ಟು ಗೌರವಿಸಿದರೆ ಋಣ ತೀರಿತೆಂದು ನಾವು ಭಾವಿಸುತ್ತೇವೆ. ತನ್ನ ಕೈಗೆ ಸಿಗದ ಚಿನ್ನವನ್ನು ಮುಂದಿನವರಾದರೂ ಗೆಲ್ಲಲಿ ಎಂದು ಬಾಳಿನ ಬಹುಪಾಲನ್ನು ಅವರನ್ನು ಸಿದ್ಧಗೊಳಿಸುವುದಕ್ಕೇ ಕೊಟ್ಟ ಆಟಗಾರನಿಗೆ, ಆ ಮುಂದಿನವರು ಬರುತ್ತಲೇ ಇರುವಂತೆ ನೋಡಿಕೊಳ್ಳುವುದೇ ನಿಜವಾದ ಗೌರವ.

ಅರಸೀಕೆರೆಯ ಪ್ಲಾಟ್‌ಫಾರಂನಲ್ಲಿ ಈಗಲೂ ಕ್ರೀಡಾ ಚೀಲ ಹೆಗಲಿಗೇರಿಸಿದ ಹುಡುಗರು ಕಾಣಸಿಗುತ್ತಾರೆ. ಹೊರಚಾಚಿರುವುದು ಹೆಚ್ಚಾಗಿ ಕ್ರಿಕೆಟ್ ಬ್ಯಾಟಿನ ಹಿಡಿ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೂ ಬಾಗಿದ ತುದಿಯೊಂದನ್ನು ಅಲ್ಲಿ ಮತ್ತೆ ಕಾಣಬೇಕೆಂಬ ಆಸೆ ನನ್ನಲ್ಲಿ ಉಳಿದಿದೆ. ಕಂಡರೆ, ಐವತ್ತು ವರ್ಷಗಳ ಹಿಂದೆ ಆ ಯೋಧರು ನನ್ನನ್ನು ಕೇಳಿದ ಹಾಗೆಯೇ ನಾನೂ ಆ ಹುಡುಗನನ್ನು ಕೇಳುತ್ತೇನೆ: ‘ಗಣೇಶ್ ಯಾರೆಂದು ಗೊತ್ತೇನಪ್ಪಾ?’