ಆಷಾಢದಲ್ಲಿ ಭೂಮಿಪರೀಕ್ಷೆ

ಸ್ವಂತದ್ದೊಂದು ಮನೆಯಿರಬೇಕೆಂಬ ಬಯಕೆಯು ಗೃಹಸ್ಥನಿಗೆ ಸಹಜವಾದುದು. ಆದರೆ ಮನೆಯ ನಕ್ಷೆಗಾಗಿ ತಿಂಗಳುಗಟ್ಟಲೆ ವಿಚಾರಮಾಡುವ ನಮ್ಮ ಜನರು, ಆ ಮನೆಯನ್ನು ಹೊರಬೇಕಾದ ನೆಲವನ್ನು ಮಾತ್ರ ಒಂದು ಸಾಯಂಕಾಲದಲ್ಲಿ ನೋಡಿ ಮುಗಿಸುತ್ತಾರೆ. ನಾವೂ ಹಾಗೆಯೇ ಮಾಡಿದೆವು. ಅದರಿಂದಾದ ನಷ್ಟವನ್ನು ಬಚ್ಚಿಡುವುದಕ್ಕಿಂತ ವಾಚಕರ ಮುಂದಿಡುವುದೇ ಉಚಿತವೆಂದು ತೋರಿ ಈ ಲೇಖನವನ್ನು ಬರೆಯುತ್ತಿರುವೆವು.

ನಾವು ನಿವೃತ್ತರಾದ ವರ್ಷದ ವೈಶಾಖದಲ್ಲಿ, ಶಿರಸಿಯಿಂದ ಮೂರು ಮೈಲು ದೂರದ ಗುಡ್ಡದ ಮಗ್ಗುಲಲ್ಲಿ ಹತ್ತು ಗುಂಟೆಯ ಖಾಲಿ ಸ್ಥಳವೊಂದು ಮಾರಾಟಕ್ಕಿತ್ತು. ಪೂರ್ವಕ್ಕೆ ಇಳಿಜಾರು, ಸಮೀಪದಲ್ಲಿಯೇ ರಸ್ತೆ, ಮೇಲ್ಗಡೆ ಸಾಲಾಗಿ ನೇರಳೆಮರಗಳ ತಂಪಾದ ನೆರಳು. ಸಂಸ್ಕೃತ ಕಲಿಸಿದವರಾದ ನಾವು ಬೃಹತ್ಸಂಹಿತೆಯಲ್ಲಿ ವರಾಹಮಿಹಿರನು ಹೇಳಿದ ಪರೀಕ್ಷೆಯನ್ನು ಬಿಡುವೆವೇ? ಒಂದು ಹಸ್ತ ಪ್ರಮಾಣದ ಗುಂಡಿಯನ್ನು ತೋಡಿಸಿ, ತೆಗೆದ ಮಣ್ಣನ್ನೇ ಅದಕ್ಕೆ ಮರಳಿ ತುಂಬಿಸಿದೆವು. ಮಣ್ಣು ಮಿಕ್ಕರೆ ಉತ್ತಮ, ಸಮವಾದರೆ ಮಧ್ಯಮ, ಸಾಲದೆಹೋದರೆ ಅಧಮ. ನಮ್ಮದು ಮಿಕ್ಕಿತು. ಪುನಃ ಬರಿದುಮಾಡಿ, ಎರಡನೆಯ ಪರೀಕ್ಷೆಯಂತೆ ಗುಂಡಿಯ ತುಂಬ ನೀರು ಹೊಯ್ಯಿಸಿ, ನೂರು ಹೆಜ್ಜೆ ನಡೆದು ಮರಳಿ ಬಂದು ನೋಡಿದರೆ ನೀರು ಅರ್ಧಕ್ಕಿಳಿದಿತ್ತು. ಜಂಬಿಟ್ಟಿಗೆಯ ನೆಲದಲ್ಲಿ ನೀರು ಇಂಗದೆ ಇದ್ದೀತೇ ಎಂದು ನಾವೇ ಸಮಾಧಾನ ಹೇಳಿಕೊಂಡೆವು. ತನಗೆ ಅನುಕೂಲವಾದಷ್ಟೇ ಶಾಸ್ತ್ರವನ್ನು ನಂಬುವುದರಲ್ಲಿ ಪಂಡಿತನೂ ಪಾಮರನೂ ಸಮಾನರು! 50,000 ರೂಪಾಯಿ ಸಂಚಕಾರ ಕೊಟ್ಟುದಾಯಿತು.

ಗುಂಡಿ ತೋಡಿದ ಮುದುಕನು ಗುದ್ದಲಿಯನ್ನು ಹೆಗಲಿಗೇರಿಸುತ್ತ, "ಮಾಸ್ತರೇ, ಮಳೆಗಾಲದಲ್ಲಿ ಒಮ್ಮೆ ಬಂದು ನೋಡಿ" ಎಂದಷ್ಟೇ ಹೇಳಿದನು.

ಆಷಾಢದಲ್ಲಿ ಹೋದೆವು. ಅಂದು ಬೆಳಗಿನಿಂದ ಮಳೆ ಬಿಟ್ಟಿತ್ತು. ಆದರೂ ನಮ್ಮ ಗುಂಡಿಯು ತುಂಬಿ ಹೊರಕ್ಕೆ ಹರಿಯುತ್ತಿತ್ತು. ಬಗ್ಗಿ ನೋಡಿದಾಗ ಮೇಲ್ಗಡೆಯ ಮಗ್ಗುಲಿನಿಂದ ಒರತೆಯು ಬುಗುಬುಗನೆ ಏಳುತ್ತಿರುವುದು ಕಂಡಿತು. ಜಂಬಿಟ್ಟಿಗೆಯ ಮೈಯೆಲ್ಲ ರಂಧ್ರಮಯ; ಅದರ ಕೆಳಗಿನ ಶೇಡಿಮಣ್ಣು ನೀರನ್ನು ಸುಲಭವಾಗಿ ಬಿಟ್ಟುಕೊಡದು. ಆದುದರಿಂದ ಗುಡ್ಡದ ಮೇಲೆ ಸುರಿದ ಮಳೆಯು ಇಂಗಿ, ಶೇಡಿಯ ಮೇಲೆ ಅಡ್ಡಲಾಗಿ ಹರಿದು, ದಾರಿ ಸಿಕ್ಕಲ್ಲಿ ಹೊರಬೀಳುವುದು. ಮನೆಗೆ ಸಮತಟ್ಟು ಮಾಡುವುದಕ್ಕಾಗಿ ನಾವು ಧರೆ ಕಡಿಯುವುದೆಂದರೆ ಆ ನೀರಿಗೆ ಬಾಗಿಲು ತೆರೆದಂತೆ. ಮಣ್ಣಿಗೆ ಇದ್ದ ಆಧಾರವನ್ನೂ ಕಿತ್ತಂತೆ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ ತೋಟಗಳು ಹಾಳಾದುದನ್ನೂ, 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿದ್ದು ಪ್ರಾಣಹಾನಿಯಾದುದನ್ನೂ ಬಲ್ಲವರಿಗೆ ಇದನ್ನು ವಿಸ್ತರಿಸಬೇಕಾದುದಿಲ್ಲ.

ನಮ್ಮನ್ನು ಹೆಚ್ಚಾಗಿ ನಾಚಿಸಿದ್ದು ಆ ನೇರಳೆಯ ಸಾಲು. ಜಂಬೂವೃಕ್ಷವು ಸಮೀಪದ ಜಲಸಿರೆಯ ಗುರುತೆಂದು ಅದೇ ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯವು ಹೇಳುತ್ತದೆ. ಅದನ್ನು ಓದಿದ್ದ ನಾವು ಮರದಲ್ಲಿ ನೆರಳನ್ನು ಮಾತ್ರ ಕಂಡೆವು.

ಆಷಾಢವು ಶುಭಕಾರ್ಯಗಳಿಗೆ ವರ್ಜ್ಯವೆಂದು ಜನರು ಆಗ ಸ್ಥಳ ನೋಡಲು ಹೊರಡುವುದಿಲ್ಲ. ಕೊಳ್ಳುವುದಕ್ಕೆ ವರ್ಜ್ಯವಾಗಿರಲಿ, ನೋಡುವುದಕ್ಕೆ ಏತಕ್ಕೆ? ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ. ಬನವಾಸಿಯ ಕಡೆಗೆ ಅದು ಎಷ್ಟೋ ಕಡಿಮೆ, ಸಿದ್ದಾಪುರದ ನಿಲ್ಕುಂದದ ಕಡೆಗೆ ಬಹಳ ಹೆಚ್ಚು. ಒಂದೂರಿನ ಅನುಭವವು ಇನ್ನೊಂದೂರಿಗೆ ಸಾಲದು. ಮಳೆ ಹಿಡಿದ ಮೂರನೆಯ ದಿನ ಹೋಗಿ, ಮೇಲಿನ ನೀರು ಎಲ್ಲಿ ಇಳಿಯುವುದೆಂದು ನಿಂತು ನೋಡಬೇಕು. ಮುಂಡಿಗೆ, ಕೆಸುವು ತಾವಾಗಿ ಬೆಳೆದಿವೆಯೇ, ಇಳಿಜಾರಿನ ಮರಗಳ ಬುಡ ಬಾಗಿದೆಯೇ, ನೆಲದಲ್ಲಿ ಅಡ್ಡಬಿರುಕುಗಳಿವೆಯೇ ಎಂಬುದನ್ನು ಗಮನಿಸಬೇಕು. ನೆರೆಮನೆಯ ಬಾವಿಯನ್ನು ಆಷಾಢದಲ್ಲಿಯೂ ಚೈತ್ರದಲ್ಲಿಯೂ ಇಣುಕಿ ನೋಡಿದರೆ ಅರ್ಧ ಸಂದೇಹವು ಪರಿಹಾರವಾಗುವುದು.

ಇನ್ನು ಕಾಗದಪತ್ರಗಳು. ಪಹಣಿಯ 11ನೆಯ ಕಾಲಮ್ಮಿನಲ್ಲಿ ಅನ್ಯರ ಹಕ್ಕು, ಸಾಲಗಳ ಉಲ್ಲೇಖವಿರುವುದು. ಉಪನೋಂದಣಿ ಕಚೇರಿಯಿಂದ ಮೂವತ್ತು ವರ್ಷಗಳ ಋಣಭಾರಪತ್ರವನ್ನು ತರಿಸುವುದು ಲೇಸು. ಸಾಗುವಳಿ ಭೂಮಿಯಾದರೆ ಬಿನ್‌ಶೇತ್ಕಿಯಾಗಿರಬೇಕು. (1956ರವರೆಗೆ ನಾವು ಮುಂಬಯಿ ಸೀಮೆಯಲ್ಲಿದ್ದುದರ ಗುರುತಾಗಿ ಈ ಶಬ್ದವು ನಮ್ಮಲ್ಲಿ ಉಳಿದಿದೆ.) ಎಲ್ಲಕ್ಕಿಂತ ಎಚ್ಚರ ಬೇಕಾದುದು ಬೆಟ್ಟದ ವಿಷಯದಲ್ಲಿ. ಅಡಿಕೆತೋಟಕ್ಕೆ ಸೊಪ್ಪು ತರುವ ಸೌಲಭ್ಯಕ್ಕಾಗಿ ಬಿಟ್ಟ ಬೆಟ್ಟವು ತೋಟಿಗನ ಅನುಭವದಲ್ಲಿ ತಲೆಮಾರುಗಳಿಂದ ಇದ್ದರೂ ಮಾರುವ ಆಸ್ತಿಯಲ್ಲ. ನಮ್ಮ ಹತ್ತು ಗುಂಟೆಯಲ್ಲಿ ಮೇಲಿನ ಎರಡು ಗುಂಟೆ ಅಂಥದೇ ಎಂಬುದು ಮೋಜಣಿಯಾದ ಮೇಲೆ ತಿಳಿಯಿತು. ಸಂಚಕಾರಕ್ಕೆ ಮೊದಲೇ ಮೋಜಣಿ ಮಾಡಿಸಬೇಕಿತ್ತು.

ಕೊಟ್ಟ ಹಣವು ಮರಳಿ ಬರಲಿಲ್ಲ. ಬೇರೆಡೆಯಲ್ಲಿ ಐವತ್ತು ಸಾವಿರಕ್ಕೆ ಬಾವಿಯನ್ನಾದರೂ ತೋಡಿಸಬಹುದಿತ್ತೆಂದು ನಮ್ಮ ಗೃಹಿಣಿಯು ಇಂದಿಗೂ ಹೇಳುವುದುಂಟು.

ಈಗ ಸಿದ್ದಾಪುರದ ದಾರಿಯಲ್ಲಿ ಮತ್ತೊಂದು ಸ್ಥಳವನ್ನು ನೋಡಿಟ್ಟಿರುವೆವು. ಬೇರೊಬ್ಬರು ಕೊಳ್ಳಲು ಸಿದ್ಧರಿದ್ದಾರೆ, ಬೇಗ ಹೇಳಿರೆಂದು ಮಾರುವವರು ಅವಸರಪಡಿಸುತ್ತಿದ್ದಾರೆ. ಆಷಾಢದವರೆಗೆ ಕಾಯಲಾಗದಿದ್ದರೆ ಅವರಿಗೇ ಕೊಟ್ಟುಬಿಡಿರೆಂದು ತಿಳಿಸಿದ್ದೇವೆ.