ಹಗಲಿನ ಮುಖಲೇಪ ಮತ್ತು ಬಿಸಿಲಿನ ರಕ್ಷೆ

ಎಣ್ಣೆಯೂ ನೀರೂ ತಾವಾಗಿ ಬೆರೆಯವು. ಅವನ್ನು ಬೆರೆಸಿ ನಿಲ್ಲಿಸುವ ಉಪಾಯವೇ ಮುಖಲೇಪದ ಮೂಲ. ಕ್ರಿ. ಶ. ಎರಡನೆಯ ಶತಮಾನದ ವೈದ್ಯ ಗೇಲೆನನ ಹೆಸರಿನೊಡನೆ ಸೇರಿಬಂದಿರುವ ಜೇನುಮೇಣ, ಎಣ್ಣೆ, ಪನ್ನೀರುಗಳ ತಂಪುಲೇಪವು ಇಂದಿನ ಕೋಲ್ಡ್ ಕ್ರೀಮಿನ ಪೂರ್ವಜ. ಈ ಕಲೆ ಅಡಿಗೆಯ ಮನೆಗೆ ಅಸಾಧ್ಯವಾದುದಲ್ಲ. ಆದರೆ ಅದೇ ಲೇಪವು ಬಿಸಿಲನ್ನೂ ತಡೆಯಬೇಕೆಂದಾಗ ಪ್ರಶ್ನೆಯ ಸ್ವರೂಪವೇ ಬೇರೆಯಾಗುತ್ತದೆ.

ಮೊದಲು ಸಾದಾ ಲೇಪದ ವಿಚಾರ. ೧೦೦ ಗ್ರಾಂ ಲೇಪಕ್ಕೆ ಬಾದಾಮಿ ಎಣ್ಣೆ ೨೦ ಗ್ರಾಂ, ಎಮಲ್ಸಿಫೈಯಿಂಗ್ ಮೇಣ ೬, ಗ್ಲಿಸರಿನ್ ೪, ಬಟ್ಟಿಯಿಳಿಸಿದ ನೀರು ೬೯, ಫಿನಾಕ್ಸಿಎಥನಾಲಿನಂತಹ ಸಂರಕ್ಷಕ ೧ ಗ್ರಾಂ ಸಾಕು. ಎಣ್ಣೆ-ಮೇಣಗಳನ್ನು ಒಂದು ಪಾತ್ರೆಯಲ್ಲಿಯೂ ನೀರು-ಗ್ಲಿಸರಿನ್‌ಗಳನ್ನು ಇನ್ನೊಂದರಲ್ಲಿಯೂ ಬಿಸಿನೀರಿನೊಳಗಿಟ್ಟು ಸುಮಾರು ೭೦ ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ಕೂಡಿಸಿ, ಆರುವವರೆಗೂ ಕಲಕಬೇಕು. ಶಾಖವು ೪೦ ಡಿಗ್ರಿಗಿಂತ ಇಳಿದ ಮೇಲೆ ಸಂರಕ್ಷಕವನ್ನು ಸೇರಿಸತಕ್ಕದ್ದು. ಇದನ್ನು ರಾಸಾಯನಿಕವೆಂದು ಹೆದರಿ ಬಿಡುವವರುಂಟು, ಅದು ತಪ್ಪು. ನೀರಿರುವ ಲೇಪದಲ್ಲಿ ಸೂಕ್ಷ್ಮಜೀವಿಗಳೂ ಬೂಷ್ಟೂ ಬೆಳೆಯುತ್ತವೆ; ಬಣ್ಣ, ವಾಸನೆ ಕೆಡುವ ಮೊದಲೇ ಲೇಪ ಕೆಟ್ಟಿರಬಹುದು.

ಇನ್ನು ಬಿಸಿಲು. ಸೂರ್ಯನ ಅತಿನೇರಿಳೆ ಕಿರಣಗಳಲ್ಲಿ ೨೯೦ರಿಂದ ೩೨೦ ನ್ಯಾನೋಮೀಟರ್ ತರಂಗದೂರದವು ಚರ್ಮವನ್ನು ಸುಟ್ಟು ಕೆಂಪಾಗಿಸುತ್ತವೆ. ೩೨೦ರಿಂದ ೪೦೦ರವರೆಗಿನವು ಇನ್ನೂ ಆಳಕ್ಕಿಳಿದು ಸುಕ್ಕನ್ನು ಬೇಗ ತರುತ್ತವೆ, ಕಿಟಕಿಯ ಗಾಜನ್ನೂ ಬಹುಮಟ್ಟಿಗೆ ದಾಟುತ್ತವೆ. ಭಂಗು ಇರುವ ಮುಖದಲ್ಲಿ ಬಿಸಿಲು ಅದನ್ನು ಹೆಚ್ಚಿಸುತ್ತದೆ. ಕಪ್ಪು ಮೈಬಣ್ಣವೊಂದೇ ಇದಕ್ಕೆ ಸಾಲದು. ಸತುವಿನ ಆಕ್ಸೈಡ್ ಎಂಬ ಬಿಳಿಯ ಪುಡಿ ಈ ಎರಡು ಬಗೆಯ ಕಿರಣಗಳನ್ನೂ ತಡೆಯಬಲ್ಲದು. ಆದುದರಿಂದ ನೀರನ್ನು ೧೫ ಗ್ರಾಂ ಕಡಮೆಮಾಡಿ ಅಷ್ಟೇ ಪುಡಿಯನ್ನು ಬೆರೆಸಿದರಾಯಿತೆಂದು ತೋರುವುದು ಸಹಜ.

ಇಲ್ಲಿಯೇ ಲೆಕ್ಕ ತಪ್ಪುವುದು. ಕೈಯಿಂದ ಕಲಕಿದ ಪುಡಿಯು ಕಣ್ಣಿಗೆ ಕಾಣದಷ್ಟು ಸಣ್ಣ ಗಂಟುಗಳಾಗಿ ನಿಲ್ಲುತ್ತದೆ. ಲೇಪವು ಸಮವಾಗಿ ಬೆಳ್ಳಗಿದ್ದರೂ ಗಂಟುಗಳ ನಡುವಣ ಸಂದುಗಳಲ್ಲಿ ಕಿರಣಗಳು ನುಸುಳುತ್ತವೆ. ಕಾರ್ಖಾನೆಗಳಲ್ಲಿ ಪುಡಿಯನ್ನು ಎಣ್ಣೆಯೊಡನೆ ಯಂತ್ರಗಳಲ್ಲಿ ಅರೆದು ಹರಡುತ್ತಾರೆ. ಅಷ್ಟಾದರೂ ಸೀಸೆಯ ಮೇಲಿನ ರಕ್ಷಣಾಂಕವು ಪುಡಿಯ ತೂಕದಿಂದ ಗುಣಿಸಿ ತೆಗೆದುದಲ್ಲ. ಒಪ್ಪಿ ಮುಂದೆಬಂದವರ ಬೆನ್ನಿನ ಮೇಲೆ ಚದರ ಸೆಂಟಿಮೀಟರಿಗೆ ೨ ಮಿಲಿಗ್ರಾಂನಂತೆ ಸವರಿ, ದೀಪದ ಕಿರಣಗಳನ್ನು ಹಾಯಿಸಿ, ಸವರಿದ ಚರ್ಮವೂ ಸವರದ ಚರ್ಮವೂ ಎಷ್ಟೆಷ್ಟು ಕಿರಣಕ್ಕೆ ಕೆಂಪಾದುವೆಂದು ಹೋಲಿಸುವ ಪದ್ಧತಿಯುಂಟು. ೩೦ ಎಂದರೆ ಕೆಂಪಾಗಲು ೩೦ ಪಟ್ಟು ಕಿರಣ ಬೇಕಾಯಿತೆಂದರ್ಥ. ಒಂದೇ ತೂಕದ ಸತುವು ಎರಡು ಲೇಪಗಳಲ್ಲಿ ಎರಡು ಅಂಕಗಳನ್ನು ಕೊಡಬಹುದು. ಮನೆಯಲ್ಲಿ ತಯಾರಿಸಿದವರಿಗೆ ತಮ್ಮ ಲೇಪದ ಅಂಕ ತಿಳಿಯುವ ದಾರಿಯಿಲ್ಲ; ಆದರೂ ರಕ್ಷೆಯುಂಟೆಂಬ ಧೈರ್ಯದಿಂದ ಬಿಸಿಲಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾರೆ. ಕೊಬ್ಬರಿ ಎಣ್ಣೆಯನ್ನೇ ನಂಬುವವರ ಪಾಡು ಇದಕ್ಕಿಂತ ಕಷ್ಟ. ನಿಂಬೆಯ ರಸವಂತೂ ಬಿಸಿಲಿನೊಡನೆ ಕೂಡಿ ಬೊಬ್ಬೆಯನ್ನೂ ಕಪ್ಪು ಕಲೆಯನ್ನೂ ಉಂಟುಮಾಡಬಲ್ಲದು.

ಆದಕಾರಣ ಸಾದಾ ಲೇಪವನ್ನು ಮನೆಯಲ್ಲಿ ಮಾಡಿಕೊಂಡು, ಅದು ಚರ್ಮದಲ್ಲಿ ಇಂಗಿದ ಮೇಲೆ ಪರೀಕ್ಷಿತವಾದ ಸನ್‌ಸ್ಕ್ರೀನನ್ನು ಪ್ರತ್ಯೇಕವಾಗಿ ಸವರುವುದು ಯುಕ್ತ. ಎರಡನ್ನೂ ಅಂಗೈಯಲ್ಲಿ ಬೆರೆಸಿದರೆ ಅದರ ಶಕ್ತಿ ಕುಂದುತ್ತದೆ. ಮುಖವೊಂದಕ್ಕೇ ಸುಮಾರು ೧ ಗ್ರಾಂ ಬೇಕು. ಹೆಚ್ಚಿನವರು ಇದರ ಅರ್ಧವನ್ನೂ ಹಚ್ಚುವುದಿಲ್ಲ. ಹೊರಗಿರುವಾಗ ಎರಡು ಗಂಟೆಗೊಮ್ಮೆ ಮತ್ತೆ ಸವರಬೇಕು. ನಡುಹಗಲಿನಲ್ಲಿ ಕೊಡೆಯೂ ಜೊತೆಗಿರಲಿ.