ಯಾವ ನೀಲಿ?

ಬಿಳಿ, ಕರಿ, ಕೆಂಪು, ಹಸುರು ಇವೆಲ್ಲ ಅಚ್ಚಗನ್ನಡದ ಮಾತುಗಳು. ನೀಲಿ ಮಾತ್ರ ಸಂಸ್ಕೃತದಿಂದ ಬಂದ ಅತಿಥಿ. ನಮ್ಮ ಪೂರ್ವಿಕರು ಬಾನನ್ನು ಕಾಣದವರೇನಲ್ಲ. ಆದರೆ ಆ ಬಣ್ಣಕ್ಕೆ ಪ್ರತ್ಯೇಕವಾದೊಂದು ಹೆಸರು ಬೇಕೆಂದು ಅವರಿಗೆ ತೋರಲಿಲ್ಲವೆಂದು ಕಾಣುತ್ತದೆ. ಬಂದ ಅತಿಥಿಯಾದರೂ ತನ್ನ ಗಡಿಯನ್ನು ಬಲ್ಲವನೆ? ಸಂಸ್ಕೃತದ 'ನೀಲ' ಕಪ್ಪಿನವರೆಗೂ ಕೈಚಾಚುವ ಶಬ್ದ. ಮಳೆಮೋಡ, ಕೃಷ್ಣನ ಮೈ, ಶಿವನ ಕೊರಳು, ಹೆಂಗಳೆಯರ ಮುಡಿ, ಇವೆಲ್ಲವನ್ನೂ ಕವಿಗಳು ಆ ಒಂದೇ ಹೆಸರಿನ ನೆರಳಿನಲ್ಲಿ ನಿಶ್ಚಿಂತೆಯಿಂದ ಕೂರಿಸಿದರು. ತರಗತಿಯಲ್ಲಿ ಇದನ್ನು ವಿವರಿಸುವುದು ಸುಲಭ. ಬಣ್ಣದಂಗಡಿಯಲ್ಲಿ ನಿಂತು ಒಂದು ಕೋಣೆಗೆ ನೀಲಿಯನ್ನು ಆರಿಸುವುದು ಅಷ್ಟು ಸುಲಭವಲ್ಲ.

ಶಿವಮೊಗ್ಗೆಯ ಗಾಂಧಿಬಜಾರಿನಲ್ಲಿ ನನ್ನ ಕೈಗೆ ಬಂದ ಬಣ್ಣದ ಪಟ್ಟಿಯಲ್ಲಿ ನಲವತ್ತಕ್ಕೂ ಮಿಕ್ಕಿದ ನೀಲಿಗಳಿದ್ದವು. ಪ್ರತಿಯೊಂದಕ್ಕೂ ಯಾವುದೋ ದೂರದ ಕಡಲಿನ ಹೆಸರು. ಹೆಸರುಗಳನ್ನು ಬದಿಗಿಟ್ಟು ನೋಡಿದರೆ ಇವುಗಳಲ್ಲಿ ಕುಲಗಳು ಎರಡೇ: ಹಸುರಿನ ಕಡೆಗೆ ವಾಲಿದುದು, ನೇರಳೆಯ ಕಡೆಗೆ ವಾಲಿದುದು. ನಮ್ಮ ಹಳೆಯ ಮನೆಗಳ ಸುಣ್ಣದ ಗೋಡೆಯ ನೀಲಿ ಎರಡನೆಯ ಕುಲದ್ದು. ಅದಕ್ಕೆ ದೊಡ್ಡ ವಂಶಚರಿತ್ರೆಯೇ ಇದೆ. ಆಫ್ಘಾನಿಸ್ತಾನದ ಬದಖ್ಶಾನ್ ಬೆಟ್ಟಗಳಲ್ಲಿ ಸಿಗುವ ಕಲ್ಲನ್ನು ಅರೆದು ತೆಗೆಯುತ್ತಿದ್ದ ಆ ವರ್ಣಕ್ಕೆ ಯೂರೋಪಿನ ಚಿತ್ರಕಾರರು ಚಿನ್ನದ ಬೆಲೆ ತೆರುತ್ತಿದ್ದರು. 1828ರ ಹೊತ್ತಿಗೆ ಫ್ರಾನ್ಸಿನ ಗಿಮೆ ಎಂಬ ರಸಾಯನವಿದನು ಅದನ್ನು ಅಗ್ಗವಾಗಿ ತಯಾರಿಸುವ ಮಾರ್ಗವನ್ನು ಕಂಡುಹಿಡಿದ ಮೇಲೆ ಅರಸರ ಬಣ್ಣ ಅಗಸರ ಬಣ್ಣವಾಯಿತು. ಬಟ್ಟೆಗೆ ಹಾಕುವ ನೀಲಿಪುಡಿ ಅದೇ. ಸುಣ್ಣದ ಕ್ಷಾರವನ್ನು ಅದು ತಾಳಬಲ್ಲದು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಪ್ರಷ್ಯದ ನೀಲಿಯಾದರೆ ಸುಣ್ಣದಲ್ಲಿ ಕೆಟ್ಟು ಕಂದಾಗುತ್ತದೆ. ನಮ್ಮ ಅಜ್ಜಿಯರು ಸುಣ್ಣದ ಮಡಕೆಗೆ ಒಂದು ಚಿಟಿಕೆ ನೀಲಿಯನ್ನು ಹಾಕುವಾಗ ರಸಾಯನಶಾಸ್ತ್ರವನ್ನು ಓದಿರಲಿಲ್ಲ. ಉಳಿಯುವುದು ಯಾವುದೆಂದು ನೋಡಿ ತಿಳಿದಿದ್ದರು.

ಬಣ್ಣ ಬೇಕಾಗಿದ್ದುದು ನಮ್ಮ ತಾಯಿಯವರ ಕೋಣೆಗೆ. ತಂದೆಯವರು ತೀರಿಕೊಂಡ ಮೇಲೆ ಅವರು ತೀರ್ಥಹಳ್ಳಿಯ ಕಡೆಯ ಹಳ್ಳಿಮನೆಯನ್ನು ಬಿಟ್ಟು ಮಲವಗೊಪ್ಪಕ್ಕೆ ಬಂದರು. ಭದ್ರಾವತಿಗೆ ಹೋಗುವ ಹೆದ್ದಾರಿಯ ಗದ್ದಲ ಅವರಿಗೆ ಒಗ್ಗಿಲ್ಲ. ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಒಂದೇ: ತವರಿನ ನಡುಮನೆಯ ನೀಲಿ. ಆ ಕೋಣೆಯ ಕಿಟಕಿ ಉತ್ತರಕ್ಕಿದೆ. ಅಲ್ಲಿ ಬಿಸಿಲು ಕಡಿಮೆ. ಬರುವುದು ಬಾನಿನ ಬೆಳಕು. ಅದು ನೀಲಿಯನ್ನು ಇನ್ನಷ್ಟು ತಣ್ಣಗಾಗಿಸುತ್ತದೆ. ಕೆಂಪುಗಾರೆಯ ನೆಲ ತನ್ನ ಛಾಯೆಯನ್ನು ಗೋಡೆಯ ಬುಡಕ್ಕೆ ಎರಚುತ್ತದೆ. ಜೊತೆಗೆ ನಾಲ್ಕು ಗೋಡೆಗಳೂ ಒಂದರ ಮೇಲೊಂದು ಬೆಳಕು ಚೆಲ್ಲುವುದರಿಂದ, ಬೆರಳಗಲದ ಚೀಟಿಯಲ್ಲಿ ಸೌಮ್ಯವಾಗಿದ್ದ ಬಣ್ಣ ಕೋಣೆಯ ತುಂಬ ಗಾಢವಾಗಿ ಕಾಣುತ್ತದೆ. ಆದುದರಿಂದ ಮನಸ್ಸಿಗೆ ಒಪ್ಪಿದ್ದಕ್ಕಿಂತ ಒಂದು ಮೆಟ್ಟಿಲು ತೆಳುವಾದುದನ್ನು ಆರಿಸುವುದು ಲೇಸು. ನಾನು ಹಾಗೆಯೇ ಎರಡನ್ನು ಆರಿಸಿ ತಂದು ಅವರ ಮುಂದಿಟ್ಟೆ.

"ಎರಡೂ ಒಂದೇ ಅಲ್ಲವೇನೋ? ಬೂದಿ ಬಳಿದ ಹಾಗಿದೆ," ಎಂದರು.

ಅವರ ಎರಡು ಕಣ್ಣುಗಳಲ್ಲೂ ಪೊರೆ ಬೆಳೆದಿದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ. ಆ ಹಳದಿ ಮೊದಲು ನುಂಗುವುದು ನೀಲಿಯ ಬೆಳಕನ್ನೇ. ಫ್ರೆಂಚ್ ಚಿತ್ರಕಾರ ಮೋನೆಗೆ ಇದೇ ಸಂಕಟ ಬಂದಿತ್ತು. 1923ರಲ್ಲಿ ಅವನ ಬಲಗಣ್ಣಿನ ಪೊರೆಯನ್ನು ತೆಗೆದ ಮೇಲೆ ಲೋಕವೆಲ್ಲ ಅತಿಯಾಗಿ ನೀಲಿಯಾಯಿತೆಂದು ಅವನು ಗೋಳಾಡಿದನು. ಬಣ್ಣವನ್ನೇ ಉಸಿರಾಡಿದ ಮನುಷ್ಯನ ಪಾಡು ಇದು.

ತಾಯಿಯವರ ಶಸ್ತ್ರಚಿಕಿತ್ಸೆ ದೀಪಾವಳಿ ಕಳೆದ ಮೇಲೆ. ಹಾಗಾದರೆ ನಾನು ಬಣ್ಣ ಆರಿಸಬೇಕಾದುದು ಯಾವ ಕಣ್ಣಿಗೆ? ಈಗಿನ ಕಣ್ಣಿಗೆ ನೀಲಿಯಾಗಿ ಕಾಣುವಷ್ಟು ಗಾಢವಾದುದನ್ನು ಬಳಿಸಿದರೆ ಪೊರೆ ತೆಗೆದಂದು ಕೋಣೆ ಅವರ ಮೇಲೆ ಕವಿದುಕೊಂಡೀತು. ನನ್ನ ಪತ್ನಿಯ ವಾದವೇ ಬೇರೆ: "ಅತ್ತೆಗೆ ಇವತ್ತು ಕಾಣುವುದನ್ನೇ ಬಳಿಸಿ. ಈ ವಯಸ್ಸಿನಲ್ಲಿ ಬರುವ ವರ್ಷದ ಮೇಲೆ ಹಾಕುವುದು ಏನನ್ನು?" ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಬಣ್ಣದ ಲೆಕ್ಕವನ್ನು ಮಾಡಬಹುದು, ಆಯುಸ್ಸಿನ ಲೆಕ್ಕವನ್ನು ಯಾರು ಮಾಡಿಯಾರು?

ಕೊನೆಗೆ ಸುಣ್ಣವೆಂದು ಗೊತ್ತಾಯಿತು. ಡಬ್ಬಿಯ ಬಣ್ಣದಷ್ಟು ನುಣುಪಲ್ಲ, ಮುಟ್ಟಿದರೆ ಕೈಗೆ ಹತ್ತುತ್ತದೆ, ನಿಜ. ಆದರೆ ವೆಚ್ಚ ಅತ್ಯಲ್ಪ, ಬೇಡವೆನಿಸಿದಾಗ ಮೇಲೊಂದು ಕೈ ಎಳೆಯಬಹುದು. ಚಿಟಿಕೆಗೆ ಬದಲು ಹಿಡಿ ನೀಲಿಯನ್ನೇ ಕಲಸಿ ಈ ವಾರ ಬಳಿಸಿದೆವು. ನನ್ನ ಕಣ್ಣಿಗೆ ಅದು ತೀರ ಅಬ್ಬರ. ಅವರು ಮಂಚದ ಮೇಲೆ ಕುಳಿತು ಬಹಳ ಹೊತ್ತು ನೋಡಿ, "ಇನ್ನೂ ಸ್ವಲ್ಪ ಹಾಕಬಹುದಿತ್ತು," ಎಂದರು.

ಮೊದಲು ಒಂದು ಕಣ್ಣು, ತಿಂಗಳು ಕಳೆದು ಇನ್ನೊಂದು ಎಂದಿದ್ದಾರೆ ವೈದ್ಯರು. ನಡುವಿನ ಆ ತಿಂಗಳಲ್ಲಿ ಅದೇ ಗೋಡೆ ಅವರಿಗೆ ಒಂದು ಕಣ್ಣಿನಲ್ಲಿ ಒಂದು ನೀಲಿಯಾಗಿಯೂ ಇನ್ನೊಂದರಲ್ಲಿ ಬೇರೊಂದಾಗಿಯೂ ಕಾಣಲಿದೆ. ತವರಿನದು ಯಾವುದೆಂದು ಆಗ ಅವರೇ ಹೇಳಬೇಕು.